ಕೆರೆ ದಂಡೆಗೆ ಒಂದು ಸಣ್ಣ ಸ್ಕೋಪ್: ಆರಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ

ಡಿಸೆಂಬರ್ ತಿಂಗಳು, ಬೆಳಗಿನ ಏಳು ಗಂಟೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಸಾಲುಸಾಲಾಗಿ ಬಂದು ನೀರಿಗೆ ಇಳಿಯುತ್ತವೆ. ಆದರೆ ಇಳಿಯುವುದು ನಡುನೀರಿಗೆ, ದಂಡೆಯಿಂದ ಇನ್ನೂರು ಮುನ್ನೂರು ಮೀಟರ್ ಆಚೆಗೆ. ಬೈನಾಕ್ಯುಲರ್ ಹಿಡಿದರೆ ಬೂದು ಬಣ್ಣದ ಹಿಂಡು ಕಾಣುತ್ತದೆ. ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳು ಕಂಡಂತೆಯೂ ಇರುತ್ತವೆ, ಕಾಣದಂತೆಯೂ ಇರುತ್ತವೆ. ಇನ್ನೊಂದಿಷ್ಟು ಹತ್ತಿರ ಹೋಗೋಣ ಎಂದರೆ ಇಡೀ ಹಿಂಡು ಎದ್ದುಬಿಡುತ್ತದೆ. ಸ್ಪಾಟಿಂಗ್ ಸ್ಕೋಪ್, ಅಂದರೆ ಸ್ಟ್ಯಾಂಡಿನ ಮೇಲಿಟ್ಟು ಒಂದೇ ಕಣ್ಣಿನಿಂದ ನೋಡುವ ದುರ್ಬೀನು, ಬೇಕು ಅನ್ನಿಸುವುದು ಇಂಥ ಹೊತ್ತಿನಲ್ಲಿ.

ನನ್ನ ಮೊದಲ ಸ್ಕೋಪನ್ನು ನಾನು ಡಬ್ಬಿಯ ಮೇಲಿದ್ದ 75 ಎಂಬ ಅಂಕಿ ನೋಡಿ ಕೊಂಡೆ. ಎಪ್ಪತ್ತೈದು ಪಟ್ಟು ದೊಡ್ಡದು! ಮಾಗಡಿಗೆ ಒಯ್ದು ಪೂರ್ತಿ ಝೂಮ್ ಮಾಡಿದಾಗ ಕಂಡದ್ದು ಹಾಲು ಚೆಲ್ಲಿದಂಥ ಮಬ್ಬು, ಅದರೊಳಗೆ ನಡುಗುವ ಒಂದು ಬೂದು ಆಕಾರ. ಅದರ ಸ್ಟ್ಯಾಂಡ್ ಸೇರಿ ಹೊರೆ ಎಷ್ಟಾಗಿತ್ತೆಂದರೆ ಎರಡೇ ತಿಂಗಳಲ್ಲಿ ಅದು ಅಟ್ಟ ಸೇರಿತು. ಆಮೇಲೆ ಗೆಳೆಯರ ಸ್ಕೋಪುಗಳಲ್ಲಿ ನೋಡುತ್ತ, ಹೋಲಿಸುತ್ತ ಬಂದೆ. ಈಗ ಯಾರು ಕೇಳಿದರೂ ಎರಡು ಮಾತು ಹೇಳುತ್ತೇನೆ. 20ರಿಂದ 30 ಪಟ್ಟಿನೊಳಗೆ ಅದು ಎಷ್ಟು ಸ್ವಚ್ಛವಾಗಿ ತೋರಿಸುತ್ತದೆ ನೋಡಿ. ಪ್ರತಿ ಭಾನುವಾರ ಬೇಸರವಿಲ್ಲದೆ ಹೆಗಲಿಗೆ ಹಾಕಿಕೊಳ್ಳುವಷ್ಟು ಹಗುರ ಇದೆಯಾ ನೋಡಿ. ಮುಂದೆ ಬರೆದಿರುವುದೆಲ್ಲ ಈ ಎರಡು ಮಾತಿನ ವಿವರ.

ಹಂತ 1: ನೀವು ನಿಲ್ಲುವ ಜಾಗ ನೆನಪಿಸಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಕಳೆದ ಒಂದು ವರ್ಷ ನೀವು ಎಲ್ಲೆಲ್ಲಿ ಹಕ್ಕಿ ನೋಡಿದಿರಿ ಎಂದು ಬರೆದುಕೊಳ್ಳಿ. ಧಾರವಾಡದ ಸಾಧನಕೇರಿ, ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಹುಬ್ಬಳ್ಳಿಯ ನೃಪತುಂಗ ಬೆಟ್ಟ ಅಷ್ಟೇ ಆಗಿದ್ದರೆ ನಿಮಗೆ ಸ್ಕೋಪ್ ಬೇಕಾಗಿಲ್ಲ. ಅಲ್ಲಿ ಹಕ್ಕಿಗಳು ಹತ್ತಿರವೇ ಸಿಗುತ್ತವೆ, ಮರದಿಂದ ಮರಕ್ಕೆ ಹಾರುತ್ತಿರುತ್ತವೆ. ಒಳ್ಳೆಯ 8×42 (8 ಪಟ್ಟು, 42 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್ ಸಾಕು. ಬೈನಾಕ್ಯುಲರ್ ಇಲ್ಲದವರು ಮೊದಲು ಅದನ್ನೇ ಕೊಳ್ಳಿ. ಸ್ಕೋಪ್ ಅದರ ಜೊತೆಗೆ ಬರುವ ಸಾಧನ, ಅದರ ಬದಲಿಗೆ ಬರುವುದಲ್ಲ.

ಕೆಲಗೇರಿ, ಉಣಕಲ್ ಕೆರೆಗಳಲ್ಲಿ ಆಚೆ ದಡದ ಗೊರವಗಳನ್ನು ಗುರುತಿಸಬೇಕೆಂದರೆ, ನೀರಸಾಗರದ ಅಗಲ ನೀರಿನ ಮೇಲೆ ಬಾತುಗಳನ್ನು ಎಣಿಸಬೇಕೆಂದರೆ ಸ್ಕೋಪ್ ಬೇಕು. ಮಾಗಡಿಗಂತೂ ಬೇಕೇ ಬೇಕು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ಪಟ್ಟಿಗೆ, ಸೇರಿದ ಕೆರೆ ಅದು. ಅಲ್ಲಿ ದಂಡೆಯಲ್ಲಿ ಸದ್ದಿಲ್ಲದೆ ನಿಂತು ದೂರದಿಂದ ನೋಡುವುದೇ ಸರಿಯಾದ ಕ್ರಮ. ಹಾವೇರಿ ಕಡೆಯವರಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿದೆ. ಬಯಲಿನಲ್ಲಿ ಚಿಗರೆಗಳ ಕೊಂಬಿನ ಸುತ್ತು ಎಣಿಸುವುದಕ್ಕೆ, ಚಳಿಗಾಲದಲ್ಲಿ ಹುಲ್ಲಿನ ಮೇಲೆ ತೇಲುವ ಸೆಳೆವಗಳನ್ನು (ಹ್ಯಾರಿಯರ್ ಎಂಬ ಬೇಟೆಹಕ್ಕಿಗಳನ್ನು) ನೋಡುವುದಕ್ಕೆ ಸಣ್ಣ ಸ್ಕೋಪ್ ಬಹಳ ಒದಗುತ್ತದೆ.

ಹಂತ 2: ಅಂಕಿಗಳನ್ನು ಓದಲು ಕಲಿಯಿರಿ

ಸ್ಕೋಪಿನ ಮೇಲೆ 20-40×50 ಎಂದು ಇರುತ್ತದೆ ಅಂದುಕೊಳ್ಳಿ. ಮೊದಲ ಎರಡು ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂಬುದು. ಕೊನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. 300 ಮೀಟರ್ ದೂರದ ಹೆಬ್ಬಾತು 8 ಪಟ್ಟಿನ ಬೈನಾಕ್ಯುಲರ್‌ನಲ್ಲಿ ಸುಮಾರು 37 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. 30 ಪಟ್ಟಿನಲ್ಲಿ ಅದೇ ಹಕ್ಕಿ 10 ಮೀಟರಿಗೆ ಬಂದು ಕೂತಂತೆ.

ಹಾಗಾದರೆ 75 ಪಟ್ಟು ಇನ್ನೂ ಒಳ್ಳೆಯದಲ್ವಾ? ಅಲ್ಲ. ಒಂದು ಸಣ್ಣ ಲೆಕ್ಕ ಮಾಡಿ. ಲೆನ್ಸಿನ ಅಗಲವನ್ನು ಪಟ್ಟಿನ ಅಂಕಿಯಿಂದ ಭಾಗಿಸಿ. ಬರುವ ಉತ್ತರ ಐಪೀಸಿನಿಂದ (ಕಣ್ಣಿಡುವ ತುದಿಯ ಲೆನ್ಸಿನಿಂದ) ಹೊರಬಂದು ನಿಮ್ಮ ಕಣ್ಣಿಗೆ ಸೇರುವ ಬೆಳಕಿನ ಚುಕ್ಕೆಯ ಅಗಲ. 50 ಮಿ.ಮೀ. ಲೆನ್ಸಿಗೆ 20 ಪಟ್ಟಿನಲ್ಲಿ 2.5 ಮಿ.ಮೀ. ಬರುತ್ತದೆ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ಇರುತ್ತದೆ, ಹಾಗಾಗಿ ಹಾಯಾಗಿ ಕಾಣುತ್ತದೆ. 40 ಪಟ್ಟಿಗೆ ಏರಿಸಿದರೆ 1.25 ಆಗುತ್ತದೆ. ಬೆಳಕು ಕಡಿಮೆ ಅನ್ನಿಸಿದರೂ ಬಿಸಿಲಿದ್ದರೆ ನಡೆಯುತ್ತದೆ. 25-75×60 ಸ್ಕೋಪಿನ ಕೊನೆಯ ತುದಿಯಲ್ಲಿ ಬರುವುದು 0.8. ಮಬ್ಬು ಅಲ್ಲಿಂದಲೇ ಬರುತ್ತದೆ. ಕಣ್ಣು ಕೂದಲೆಳೆಯಷ್ಟು ಸರಿದರೂ ಚಿತ್ರ ಮಾಯವಾಗುವುದೂ ಅದಕ್ಕೇ.

ನಮ್ಮ ಸೀಮೆಗೆ ಇನ್ನೊಂದು ಕಾರಣವೂ ಇದೆ. ಬಯಲುಸೀಮೆಯ ಬಿಸಿಲು. ಒಂಬತ್ತೂವರೆ ಹತ್ತಾಯಿತೆಂದರೆ ಎರೆಹೊಲದ ಮೇಲೆ, ಒಣಗಿದ ಕೆರೆಯಂಗಳದ ಮೇಲೆ ಝಳ ಏಳುತ್ತದೆ. ಸ್ಕೋಪು ಹಕ್ಕಿಯನ್ನು ದೊಡ್ಡದು ಮಾಡುವಾಗ ನಡುವೆ ಕುದಿಯುವ ಆ ಗಾಳಿಯನ್ನೂ ದೊಡ್ಡದು ಮಾಡುತ್ತದೆ. ಆಗ ಎಷ್ಟು ದುಬಾರಿ ಸ್ಕೋಪಿದ್ದರೂ 40ರಲ್ಲಿ ಕಾಣುವುದು ನೀರಿನೊಳಗೆ ಅದ್ದಿದ ಹಕ್ಕಿ. 20ಕ್ಕೆ ಇಳಿಸಿದರೆ ಎಷ್ಟೋ ವಾಸಿ. ಹಾಗಾಗಿ ಮೇಲಿನ ಅಂಕಿಗಿಂತ ಕೆಳಗಿನ ಅಂಕಿ ಮುಖ್ಯ. ಕೆಳಗಿನ ತುದಿ 9, 11, 12, 15, 20 ಇರುವಂಥದ್ದು ಹುಡುಕಿ. 25ರಿಂದ ಶುರುವಾಗುವ ಸಣ್ಣ ಸ್ಕೋಪಿನಲ್ಲಿ ಹಕ್ಕಿಯನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಉದಾಹರಣೆಗೆ ಮೂರು ಹೆಸರು ಹೇಳುತ್ತೇನೆ, ಅಂಕಿ ಹೇಗಿರಬೇಕು ಎಂಬ ಅಂದಾಜಿಗೆ. ಸೆಲೆಸ್ಟ್ರಾನ್ ಹಮಿಂಗ್‌ಬರ್ಡ್ 9-27×56, ಕೋವಾ ಟಿಎಸ್ಎನ್-501 ಎಂಬ 20-40×50, ವೋರ್ಟೆಕ್ಸ್ ರೇಜರ್ 11-33×50. ಕೋವಾದ ತೂಕ ಬರೀ 400 ಗ್ರಾಂ. ನೀರಿನ ಬಾಟಲಿಗಿಂತ ಹಗುರ.

65 ಅಥವಾ 80 ಮಿ.ಮೀ. ಲೆನ್ಸಿನ ದೊಡ್ಡ ಸ್ಕೋಪ್ ಇನ್ನೂ ಚೆನ್ನಾಗಿ ತೋರಿಸುತ್ತದೆ, ಸುಳ್ಳಲ್ಲ. 50ಕ್ಕೆ ಹೋಲಿಸಿದರೆ 80 ಮಿ.ಮೀ. ಲೆನ್ಸು ಎರಡೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಮುಸ್ಸಂಜೆಯಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಅದಕ್ಕೆ ತಕ್ಕ ತೂಕದ ಟ್ರೈಪಾಡ್ ಬೇಕು. ಬೈಕಿನಲ್ಲಿ, ಬಸ್ಸಿನಲ್ಲಿ ಹೋಗುವವರಿಗೆ ಅದು ಹೊರೆ. 50ರಿಂದ 60ರ ನಡುವೆ ನಿಂತುಕೊಳ್ಳಿ.

ಹಂತ 3: ಗಾಜಿಗೆ ದುಡ್ಡು ಹಾಕಿ

ಬೆಳ್ಳಕ್ಕಿಯನ್ನು ಅಗ್ಗದ ಸ್ಕೋಪಿನಲ್ಲಿ ನೋಡಿದ್ದೀರಾ? ಬಿಳಿ ಕತ್ತಿನ ಒಂದು ಅಂಚಿಗೆ ನೇರಳೆ ಗೆರೆ, ಇನ್ನೊಂದು ಅಂಚಿಗೆ ಹಸಿರು ಗೆರೆ ಅಂಟಿಕೊಂಡಿರುತ್ತದೆ. ಬೆಳಕಿನ ಬೇರೆ ಬೇರೆ ಬಣ್ಣಗಳು ಲೆನ್ಸಿನಲ್ಲಿ ಒಂದೇ ಕಡೆ ಸೇರದೆ ಇರುವುದರಿಂದ ಹಾಗಾಗುತ್ತದೆ. ಪಟ್ಟು ಜಾಸ್ತಿಯಾದಂತೆ ಈ ಬಣ್ಣದ ಅಂಚೂ ಜಾಸ್ತಿಯಾಗುತ್ತದೆ, ಪುಕ್ಕದ ಸೂಕ್ಷ್ಮ ಗೆರೆಗಳನ್ನು ನುಂಗುತ್ತದೆ. ಇದನ್ನು ಕಡಿಮೆ ಮಾಡುವ ವಿಶೇಷ ಗಾಜಿಗೆ ಇಡಿ (ED) ಗಾಜು ಎನ್ನುತ್ತಾರೆ. ಸಣ್ಣ ಸ್ಕೋಪಿನಲ್ಲಿ ಇಡಿ ಗಾಜು ಇದ್ದರೆ ಅದಕ್ಕೆ ಹೆಚ್ಚು ಕೊಡುವ ದುಡ್ಡು ವ್ಯರ್ಥವಾಗುವುದಿಲ್ಲ. ಇಡಿ ಗಾಜಿನ 50 ಮಿ.ಮೀ. ಸ್ಕೋಪ್ ಎಷ್ಟೋ ಸಲ ಸಾದಾ ಗಾಜಿನ 65 ಮಿ.ಮೀ.ಗಿಂತ ಚೆನ್ನಾಗಿ ತೋರಿಸುತ್ತದೆ.

ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಒಳಗಿನ ಪ್ರಿಸಂ ಬಾಕ್-4 (BaK-4) ಎಂಬ ಗಾಜಿನದಿರಲಿ. ಲೆನ್ಸಿನ ಲೇಪನದ ಬಗ್ಗೆ ‘ಫುಲ್ಲಿ ಮಲ್ಟಿ ಕೋಟೆಡ್’ ಎಂದು ಬರೆದಿರಬೇಕು. ಬರೀ ‘ಕೋಟೆಡ್’ ಎಂದಿದ್ದರೆ ಬಿಟ್ಟುಬಿಡಿ.

ಹಂತ 4: ಬಾಗಿದ್ದೋ, ನೇರವಾದದ್ದೋ

ಐಪೀಸ್ 45 ಡಿಗ್ರಿ ಮೇಲಕ್ಕೆ ಬಾಗಿರುವುದು ಒಂದು ಬಗೆ, ದುರ್ಬೀನಿನ ಹಾಗೆ ನೇರ ಇರುವುದು ಇನ್ನೊಂದು. ನೇರ ಸ್ಕೋಪಿನಲ್ಲಿ ಹಕ್ಕಿಯತ್ತ ಗುರಿ ಹಿಡಿಯುವುದು ಸುಲಭ. ಕಾರಿನೊಳಗೆ ಕೂತು ನೋಡುವವರಿಗೂ ಅದೇ ಅನುಕೂಲ. ನಾನು ಮಾತ್ರ ಬಾಗಿದ್ದನ್ನೇ ಹೇಳುತ್ತೇನೆ. ಕತ್ತು ನೋಯುವುದಿಲ್ಲ. ಟ್ರೈಪಾಡನ್ನು ಎದೆಮಟ್ಟದಲ್ಲೇ ಇಡಬಹುದು, ಹಾಗಾಗಿ ಗಾಳಿಗೆ ಅಲುಗುವುದೂ ಕಡಿಮೆ.

ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇದೆ. ಬೇರೆ ಬೇರೆ ಎತ್ತರದವರು ಒಂದೇ ಸ್ಕೋಪಿನಲ್ಲಿ ನೋಡಬಹುದು. ಒಮ್ಮೆ ಮಾಗಡಿಯಲ್ಲಿ ಹೊಲಕ್ಕೆ ಹೊರಟಿದ್ದ ಒಬ್ಬ ಅಜ್ಜಾರು ನಮ್ಮ ಹತ್ತಿರ ನಿಂತರು. ಜೊತೆಗೆ ಎಂಟು ವರ್ಷದ ಮೊಮ್ಮಗಳು. “ಏನ್ ನೋಡಾಕತ್ತೀರಿ?” ಎಂದರು. “ಬರ್ರಿ ಅಜ್ಜಾರ, ನೀವೂ ನೋಡ್ರಿ” ಎಂದೆ. ಪಟಗ ಹಿಂದಕ್ಕೆ ಸರಿಸಿ, ಬಾಗಿ, ಕಣ್ಣಿಟ್ಟರು. ಎರಡು ಕ್ಷಣ ಸುಮ್ಮನಿದ್ದರು. ಆಮೇಲೆ, “ಅಯ್ಯ ಇವನ, ಇಷ್ಟ ಹತ್ರ ಬಂದ್ ಕುಂತಾವಲ್ರೀ! ದಿನಾ ನಮ್ಮ ಹೊಲಕ್ಕ ಬರ್ತಾವು. ಇಷ್ಟ ಚಂದ ಅದಾವಂತ ಇವತ್ತ ಗೊತ್ತಾತು ನೋಡ್ರಿ” ಎಂದರು. ಸ್ಟ್ಯಾಂಡ್ ಒಂದಿಷ್ಟೂ ಇಳಿಸದೆ ಮೊಮ್ಮಗಳೂ ತುದಿಗಾಲಲ್ಲಿ ನಿಂತು ನೋಡಿದಳು. ನೇರ ಸ್ಕೋಪಾಗಿದ್ದರೆ ಇಬ್ಬರಿಗೂ ಎರಡು ಸಲ ಸ್ಟ್ಯಾಂಡ್ ಇಳಿಸಬೇಕಿತ್ತು. ಅಷ್ಟರಲ್ಲಿ ಹಕ್ಕಿ ತಲೆ ತಿರುಗಿಸಿರುತ್ತಿತ್ತು.

ಹಂತ 5: ಐಪೀಸ್, ಕನ್ನಡಕ, ಫೋಕಸ್

ಕನ್ನಡಕ ಹಾಕುವವರು ‘ಐ ರಿಲೀಫ್’ ಎಂಬ ಅಂಕಿ ನೋಡಲೇಬೇಕು. ಕಣ್ಣನ್ನು ಐಪೀಸಿನಿಂದ ಎಷ್ಟು ದೂರದವರೆಗೆ ಇಟ್ಟರೆ ಪೂರ್ತಿ ಚಿತ್ರ ಕಾಣುತ್ತದೆ ಎಂಬುದರ ಅಳತೆ ಅದು. 15 ಮಿ.ಮೀ. ಮೇಲಿದ್ದರೆ ಕನ್ನಡಕ ತೆಗೆಯದೆ ನೋಡಬಹುದು. ಝೂಮ್ ಐಪೀಸಿನಲ್ಲಿ ಪಟ್ಟು ಬದಲಾದಂತೆ ಇದೂ ಬದಲಾಗುತ್ತದೆ, ಆದ್ದರಿಂದ ಎರಡು ತುದಿಯ ಅಂಕಿಯನ್ನೂ ಕೇಳಿ. ಐಪೀಸಿನ ಸುತ್ತಲಿನ ರಬ್ಬರ್ ಬಳೆ ತಿರುವಿದರೆ ಮೇಲೆ ಕೆಳಗೆ ಆಗುವಂತಿರಲಿ. ಕನ್ನಡಕ ಇದ್ದವರು ಕೆಳಗೆ, ಇಲ್ಲದವರು ಮೇಲೆ.

ನೋಟದ ಅಗಲವನ್ನು 1000 ಮೀಟರಿಗೆ ಇಷ್ಟು ಮೀಟರ್ ಎಂದು ಬರೆದಿರುತ್ತಾರೆ. 20 ಪಟ್ಟಿನಲ್ಲಿ 35 ಮೀಟರಿನ ಆಸುಪಾಸು ಅಥವಾ ಹೆಚ್ಚು ಇದ್ದರೆ ಹಿಂಡಿನಲ್ಲಿ ಹುಡುಕುವುದು ಸಲೀಸು.

ಫೋಕಸ್ ಚಕ್ರವನ್ನು ಒಂದೇ ಬೆರಳಲ್ಲಿ ತಿರುವಿ ನೋಡಿ. ಬಿಗಿಯಾಗಿದ್ದರೆ ತಿರುವಿದಾಗಲೆಲ್ಲ ಸ್ಕೋಪೇ ಅಲುಗುತ್ತದೆ. ಸಡಿಲವಾಗಿದ್ದರೆ ಹಿಡಿದ ಫೋಕಸ್ ನಿಲ್ಲುವುದಿಲ್ಲ. ಒಳಗೆ ನೈಟ್ರೋಜನ್ ತುಂಬಿ, ನೀರು ಹೋಗದಂತೆ ಸೀಲ್ ಮಾಡಿದ್ದು ತೆಗೆದುಕೊಳ್ಳಿ. ಧಾರವಾಡದ ಜಡಿಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹಂತ 6: ಟ್ರೈಪಾಡ್

ಇಲ್ಲಿ ಎಲ್ಲರೂ ಉಳಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 30 ಪಟ್ಟಿನಲ್ಲಿ ಹಕ್ಕಿಯ ಜೊತೆ ನಡುಕವೂ 30 ಪಟ್ಟು ಆಗುತ್ತದೆ. ಮೊಬೈಲಿಗೆಂದು ಮಾಡಿದ ತೆಳ್ಳನೆಯ ಸ್ಟ್ಯಾಂಡಿನ ಮೇಲೆ ಒಳ್ಳೆಯ ಸ್ಕೋಪ್ ಇಟ್ಟರೆ ಕೆಟ್ಟ ಸ್ಕೋಪೇ ಆಗುತ್ತದೆ. ಕೈಯಲ್ಲಿರುವ ಒಟ್ಟು ದುಡ್ಡಿನಲ್ಲಿ ಕಾಲು ಭಾಗ ಟ್ರೈಪಾಡಿಗೆ ಎತ್ತಿಡಿ.

ಗದಗ ಸೀಮೆಯ ಗಾಳಿ ಎಂಥದ್ದು ಎಂಬುದಕ್ಕೆ ಕಪ್ಪತಗುಡ್ಡದ ಸುತ್ತ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಕೆರೆ ಏರಿಯ ಮೇಲೆ ಆ ಗಾಳಿಗೆ ಅಡ್ಡವೇ ಇರುವುದಿಲ್ಲ. ಒಂದು ಜನವರಿಯಲ್ಲಿ ನಾನು ಚಹಾ ಕುಡಿಯಲು ಎರಡು ಹೆಜ್ಜೆ ಸರಿದದ್ದೇ ತಡ, ಟ್ರೈಪಾಡ್ ಮುಂದಕ್ಕೆ ಬಿದ್ದು ಲೆನ್ಸಿನ ಮುಂದಿನ ಬಳೆ ಸೊಟ್ಟಗಾಯಿತು. ಅಂದಿನಿಂದ ಮೂರು ಅಭ್ಯಾಸ ಮಾಡಿಕೊಂಡಿದ್ದೇನೆ. ನಡುವಿನ ಕಂಬವನ್ನು ಎತ್ತುವುದಿಲ್ಲ. ಅದರ ಕೆಳಗಿನ ಕೊಂಡಿಗೆ ಬ್ಯಾಗು ನೇತುಹಾಕುತ್ತೇನೆ. ಒಂದು ಕಾಲನ್ನು ಸ್ಕೋಪ್ ನೋಡುವ ದಿಕ್ಕಿಗೇ ಚಾಚುತ್ತೇನೆ.

ಮೇಲಿನ ತಲೆ, ಅಂದರೆ ಸ್ಕೋಪ್ ಕೂರುವ ಭಾಗ, ಉದ್ದ ಹಿಡಿಕೆಯದಾಗಿರಲಿ. ವಿಡಿಯೊ ತೆಗೆಯುವವರು ಬಳಸುವ ಸಣ್ಣ ಫ್ಲೂಯಿಡ್ ಹೆಡ್ ಬಹಳ ಒಳ್ಳೆಯದು. ಎಡಬಲ ತಿರುಗುವುದು, ಮೇಲೆ ಕೆಳಗೆ ಬಾಗುವುದು ಎಣ್ಣೆ ಹಾಕಿದಷ್ಟು ನಯವಾಗಿರಬೇಕು. ಒಂದೇ ಗುಂಡಿನ ಮೇಲೆ ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್ ಫೋಟೊಗೆ ಸರಿ, ಸ್ಕೋಪಿಗೆ ತೊಂದರೆ. ಸಡಿಲಿಸಿದ ಕೂಡಲೇ ಸ್ಕೋಪ್ ಮೂತಿ ಕೆಳಗೆ ಹಾಕುತ್ತದೆ.

400ರಿಂದ 700 ಗ್ರಾಂ ಸ್ಕೋಪಿಗೆ ಒಂದೂಕಾಲು ಒಂದೂವರೆ ಕಿಲೋ ತೂಕದ ಟ್ರೈಪಾಡ್ ಸಾಕು. ಎರಡೂ ಸೇರಿ ಎರಡು ಕಿಲೋ. ರಾಣೆಬೆನ್ನೂರಿನ ಬಯಲಿನಂಥ ಕಡೆ ಕಾರಿನಿಂದಲೇ ನೋಡುವುದಾದರೆ ಅದೂ ಬೇಡ. ಅರಿವೆ ಚೀಲದಲ್ಲಿ ಎರಡು ಕಿಲೋ ಜೋಳ ತುಂಬಿ ಬಾಯಿ ಹೊಲಿದು, ಇಳಿಸಿದ ಕಿಟಕಿಯ ಅಂಚಿಗೆ ಹಾಕಿ. ಎಂಜಿನ್ ಆರಿಸಿ. ಸ್ಕೋಪ್ ಆ ಜೋಳದಲ್ಲಿ ಕಲ್ಲಿನಂತೆ ಕೂರುತ್ತದೆ.

ಹಂತ 7: ಕೊಂಡಮೇಲೆ, ವಾಪಸ್ ಕೊಡುವ ಅವಧಿಯೊಳಗೆ ಪರೀಕ್ಷೆ

ನಮ್ಮ ಊರುಗಳಲ್ಲಿ ಸ್ಕೋಪನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶ ಕಡಿಮೆ. ಬಹಳ ಜನ ಆನ್‌ಲೈನಿನಲ್ಲೇ ತರಿಸುತ್ತಾರೆ. ತಪ್ಪಿಲ್ಲ. ಆದರೆ ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿ, ವಾಪಸ್ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆಗಳನ್ನು ಮಾಡಿಬಿಡಿ. ಅಂಗಡಿಯಲ್ಲಿ ನೋಡುವವರು ಕಿಟಕಿ ಗಾಜಿನ ಮೂಲಕ ನೋಡಬೇಡಿ, ಹೊರಗೆ ರಸ್ತೆಗೆ ತಂದು ನೋಡಿ.

ನೋಟಿನ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ನೂರು ರೂಪಾಯಿ ನೋಟನ್ನು ಹಿಂಬದಿ ಕಾಣುವಂತೆ ರಟ್ಟಿಗೆ ಕ್ಲಿಪ್ ಹಾಕಿ, ಬೆಳಕು ಚೆನ್ನಾಗಿ ಬೀಳುವ ಕಡೆ ನಿಲ್ಲಿಸಿ. ಅಲ್ಲಿಂದ 12 ಮೀಟರ್ ಹಿಂದೆ ಬಂದು ಟ್ರೈಪಾಡ್ ಹೂಡಿ. 30ರ ಹತ್ತಿರ ಝೂಮ್ ಇಡಿ. ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ. ‘ನೂರು ರುಪಾಯಿಗಳು’ ಎಂಬ ಅಕ್ಷರಗಳ ಕೊಂಬು ಇಳಿಗಳು ಬಿಡಿಬಿಡಿಯಾಗಿ ಕಾಣಬೇಕು. ಚಕ್ರವನ್ನು ಆಚೆ ಈಚೆ ತಿರುವಿ. ಒಳ್ಳೆಯ ಸ್ಕೋಪಿನಲ್ಲಿ ಅಕ್ಷರ ಚಕ್ಕನೆ ಒಂದು ಜಾಗದಲ್ಲಿ ಬಂದು ನಿಲ್ಲುತ್ತದೆ. ‘ಇದೋ ಅದೋ’ ಎಂದು ತಡಕಾಡುವಂತಾದರೆ ಗಾಜು ಸರಿಯಿಲ್ಲ. ಆಮೇಲೆ ಅದೇ ಸಾಲನ್ನು ನೋಟದ ನಡುವಿನಿಂದ ಅಂಚಿಗೆ ಸರಿಸಿ. ಅಂಚಿನಲ್ಲಿ ಸ್ವಲ್ಪ ಮೆತ್ತಗಾಗುವುದು ಸಹಜ. ಅರ್ಧ ದಾರಿಯಲ್ಲೇ ಕಲಸಿಹೋದರೆ ವಾಪಸ್ ಕಳಿಸಿ.

ಎರಡನೆಯದು ವಿದ್ಯುತ್ ತಂತಿ. ಬೆಳಗಿನ ಬಿಳಿ ಆಕಾಶದ ಎದುರು ಕಾಣುವ ತಂತಿಗೆ ಗುರಿಯಿಡಿ. ನೇರಳೆ ಹಸಿರು ಅಂಚು ಎಷ್ಟಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ನೋಟದ ನಡುವೆ ಅದು ಕಾಣಲೇಬಾರದು, ಕಂಡರೂ ದಾರದೆಳೆಯಷ್ಟು.

ಮೂರನೆಯದು ರಾತ್ರಿಯ ಚುಕ್ಕೆ. ಹೊಳೆಯುವ ಒಂದು ನಕ್ಷತ್ರವನ್ನು ನೋಟದ ನಡುವೆ ತಂದು ಫೋಕಸ್ ಮಾಡಿ. ಅದು ಪುಟ್ಟ ಬಿಂದುವಾಗಬೇಕು. ಫೋಕಸ್ ಸ್ವಲ್ಪ ಕೆಡಿಸಿದರೆ ಎರಡು ಕಡೆಗೂ ದುಂಡನೆಯ ಬಿಲ್ಲೆಯಾಗಬೇಕು. ಬಾಲವಿರುವ ಚುಕ್ಕೆ, ಮೊಟ್ಟೆಯಾಕಾರದ ಬಿಲ್ಲೆ ಬಂದರೆ ಒಳಗಿನ ಲೆನ್ಸು ಅಥವಾ ಪ್ರಿಸಂ ಸರಿಯಾಗಿ ಕೂತಿಲ್ಲ ಎಂದರ್ಥ.

ಒಂದು ಎಚ್ಚರಿಕೆ. ಸ್ಕೋಪನ್ನು ಯಾವತ್ತೂ ಸೂರ್ಯನ ಕಡೆ ತಿರುಗಿಸಿ ನೋಡಬೇಡಿ, ಮುಳುಗುವ ಸೂರ್ಯನನ್ನೂ ಬೇಡ. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹೋಗಬಹುದು. ಮಕ್ಕಳು ಜೊತೆಗಿದ್ದರೆ ಬಳಸದ ಹೊತ್ತಿನಲ್ಲಿ ಮುಚ್ಚಳ ಹಾಕಿಡಿ.

ಹಂತ 8: ಕೆರೆ ದಂಡೆಯಲ್ಲಿ ಮೊದಲ ಬೆಳಗು

ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಿ. ಹಿಂಡನ್ನು ಮೊದಲು ಬೈನಾಕ್ಯುಲರ್‌ನಲ್ಲಿ ಹುಡುಕಿ, ಅದರ ಹತ್ತಿರದ ಒಂದು ಗುರುತು ಹಿಡಿಯಿರಿ. ಒಣ ಜಾಲಿ ಗಿಡವೋ, ನೀರಿನಿಂದ ತಲೆಯೆತ್ತಿದ ಕಲ್ಲೋ ಆಗಲಿ. ಸ್ಕೋಪಿನ ಝೂಮ್ ಅತಿ ಕಡಿಮೆಗೆ ಇಳಿಸಿ, ಆ ಗುರುತಿಗೆ ಬನ್ನಿ. ಅಲ್ಲಿಂದ ನೀರಿನ ಗೆರೆ ಹಿಡಿದು ಹಕ್ಕಿಗೆ ಸರಿಯಿರಿ. ಹಕ್ಕಿ ನಡುವೆ ಬಂದ ಮೇಲೆ ಮಾತ್ರ ಝೂಮ್ ಏರಿಸಿ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬೇಡಿ, ಹತ್ತು ನಿಮಿಷಕ್ಕೇ ಮುಖ ನೋಯುತ್ತದೆ. ತೆರೆದೇ ಇಟ್ಟು ಅಂಗೈ ಅಡ್ಡ ಹಿಡಿಯಿರಿ.

ಮೊಬೈಲಿನಲ್ಲಿ ಫೋಟೊ ಬೇಕೆಂದರೆ ಐಪೀಸಿಗೆ ಸಿಗಿಸುವ ಅಡಾಪ್ಟರ್ ಸಿಗುತ್ತದೆ. ಕಡಿಮೆ ಪಟ್ಟಿನಲ್ಲೇ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ. ಬೆರಳು ತಾಕಿದ ನಡುಕ ಅಷ್ಟರಲ್ಲಿ ನಿಂತಿರುತ್ತದೆ.

ಮನೆಗೆ ಬಂದ ಮೇಲೆ ಟ್ರೈಪಾಡಿನ ಕಾಲಿಗೆ ಅಂಟಿದ ಎರೆಮಣ್ಣು ತೊಳೆಯಿರಿ. ಲೆನ್ಸನ್ನು ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ, ಆಮೇಲೆ ಮೆತ್ತನೆ ಕುಂಚದಿಂದ, ಕೊನೆಗೆ ಮೈಕ್ರೋಫೈಬರ್ ಬಟ್ಟೆಯಿಂದ. ಅಂಗಿಯ ಚುಂಗಿನಿಂದ ಒರೆಸಿದರೆ ಮಣ್ಣಿನ ಕಣ ಲೇಪನವನ್ನು ಕೆರೆಯುತ್ತದೆ. ಒದ್ದೆ ಸ್ಕೋಪನ್ನು ಬ್ಯಾಗಿನಲ್ಲೇ ಬಿಡಬೇಡಿ. ಒಂದು ಆಷಾಢದಲ್ಲಿ ನಾನು ಹಾಗೆ ಮರೆತಿದ್ದೆ. ದಸರಾ ಹೊತ್ತಿಗೆ ಮುಂದಿನ ಲೆನ್ಸಿನ ಅಂಚಿನಲ್ಲಿ ಜೇಡರ ಬಲೆಯಂಥ ಬೂಷ್ಟು ಹಬ್ಬಿತ್ತು. ಈಗ ಮಳೆಗಾಲವಿಡೀ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ.

ಹೆಬ್ಬಾತುಗಳ ಹಿಂಡನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಒಂದು ಸಲ ಪೂರ್ತಿ ನೋಡಿ, ಒಂದೊಂದು ಕತ್ತನ್ನೂ. ಮಂಗೋಲಿಯಾದಲ್ಲಿ ಸಂಶೋಧಕರು ಈ ಹಕ್ಕಿಗಳ ಕತ್ತಿಗೆ ಬಣ್ಣದ ಪಟ್ಟಿ ತೊಡಿಸಿ, ಅದರ ಮೇಲೆ ಅಕ್ಷರ ಮತ್ತು ಅಂಕಿ ಬರೆದಿರುತ್ತಾರೆ. ಹಾಗೆ ಪಟ್ಟಿ ತೊಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲೂ ಕಂಡಿವೆ. ಹಿಮಾಲಯ ದಾಟಿ ಬಂದ ಆ ಅಂಕಿಯನ್ನು ದಂಡೆಯಿಂದ ಓದಲು ಬೈನಾಕ್ಯುಲರ್ ಸಾಲದು, 30 ಪಟ್ಟಿನ ಸ್ವಚ್ಛ ಗಾಜು ಬೇಕು. ಕಂಡರೆ ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಂಕಿ, ತಾರೀಕು, ಕೆರೆಯ ಹೆಸರು ಅಲ್ಲೇ ಬರೆದುಕೊಂಡು, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಈಬರ್ಡ್ (eBird) ಜಾಲತಾಣದ ಆ ದಿನದ ಪಟ್ಟಿಯಲ್ಲಿ ಸೇರಿಸಿ.